ಬಚ್ಚಲುಮನೆಯ ಸುಣ್ಣದ ಗುಹೆ

ಶವರ್‌ನ ತೂತುಗಳು ಕಟ್ಟಿಕೊಳ್ಳುವುದಕ್ಕೂ ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಕಲ್ಲಿನ ಲಿಂಗ ಮೂಡಿರುವುದಕ್ಕೂ ಕಾರಣ ಒಂದೇ. ಮಳೆನೀರು ಮಣ್ಣಿಗೆ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಬಂಡೆಯಲ್ಲಿರುವ ಸುಣ್ಣದ ಅಂಶವನ್ನು ಕರಗಿಸಿ, ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮಾಡಿ, ಹೊತ್ತುಕೊಂಡು ಸಾಗುತ್ತದೆ. ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ಅನಿಲ ಹಾರಿಹೋಗುತ್ತದೆ. ಹೊರುವ ಶಕ್ತಿ ಕಳೆದುಕೊಂಡ ನೀರು ಸುಣ್ಣವನ್ನು ಅಲ್ಲೇ ಇಳಿಸುತ್ತದೆ. ಗುಹೆಗೆ ಇದು ಸಾವಿರಾರು ವರ್ಷಗಳ ಕೆಲಸ. ಬಚ್ಚಲಲ್ಲಿ ಅಷ್ಟು ಕಾಯಬೇಕಾಗಿಲ್ಲ, ಗೀಸರ್ ಇದೆಯಲ್ಲ! ನೀರು ಕಾದಷ್ಟೂ ಅನಿಲ ಬೇಗ ಬಿಡುತ್ತದೆ, ಸುಣ್ಣ ಬೇಗ ಕೂರುತ್ತದೆ. ಬಿಸಿನೀರಿನ ನಲ್ಲಿಯ ಬಾಯಿ ತಣ್ಣೀರಿನ ನಲ್ಲಿಗಿಂತ ಮೊದಲು ಬೆಳ್ಳಗಾಗುವುದು ಇದಕ್ಕೇ.

ಹಾಗಾಗಿ ಯಾರಾದರೂ ಬಚ್ಚಲು ತೊಳೆಯುವುದು ಹೇಗೆ ಎಂದು ಕೇಳಿದರೆ, ಮೊದಲು ಕೇಳಬೇಕಾದ ಮರುಪ್ರಶ್ನೆ ‘ನಿಮ್ಮೂರು ಯಾವುದು’ ಎಂಬುದು. ಕಲಬುರಗಿ, ವಿಜಯಪುರ, ಬಾಗಲಕೋಟೆಗಳ ಬಹಳಷ್ಟು ಕಡೆ, ಕೋಲಾರ ಸೀಮೆಯಲ್ಲಿ, ಕಾವೇರಿ ನೀರು ಬಾರದ ಬೆಂಗಳೂರಿನ ಬಡಾವಣೆಗಳಲ್ಲಿ ಕೊಳವೆಬಾವಿಯ ನೀರು ಗಡಸು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮುರಕಲ್ಲಿನ ನೆಲ. ಅಲ್ಲಿಯ ಬಾವಿನೀರಿನಲ್ಲಿ ಸುಣ್ಣ ಕಡಿಮೆ, ಶವರ್ ವರ್ಷಗಟ್ಟಲೆ ಸರಾಗ. ಅಲ್ಲಿನ ಬಚ್ಚಲುಗಳ ತಲೆನೋವು ಬೇರೆ: ಕಬ್ಬಿಣದ ಕೆಂಪು ಕಲೆ, ಮಳೆಗಾಲದ ಪಾಚಿ, ಬೂಷ್ಟು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಪ್ಪಿತ; ಬೇರೆ ನೀರಿಲ್ಲದ ಕಡೆ 600ರವರೆಗೆ ನಡೆಯುತ್ತದೆ.

ಈ ಅಂಕಿಯನ್ನು ಗೋಡೆಗೆ ಅನ್ವಯಿಸಿ ನೋಡೋಣ. ಗಡಸುತನ 400 ಮಿಲಿಗ್ರಾಂ ಎಂದುಕೊಳ್ಳಿ. ಸ್ನಾನ ಮುಗಿದ ಮೇಲೆ ಟೈಲ್ಸ್, ಗಾಜಿನ ಬಾಗಿಲು, ನಲ್ಲಿಗಳ ಮೇಲೆ ಉಳಿದು ಒಣಗುವ ನೀರು ದಿನಕ್ಕೆ 100 ಮಿಲಿಲೀಟರ್, ಅಂದರೆ ಅರ್ಧ ಲೋಟ. ದಿನಕ್ಕೆ 40 ಮಿಲಿಗ್ರಾಂ ಸುಣ್ಣ. ವರ್ಷಕ್ಕೆ ಹೆಚ್ಚುಕಡಿಮೆ 15 ಗ್ರಾಂ. ಕೇಳಲು ಅಲ್ಪ, ಆದರೆ ಹರಡಿಕೊಂಡಾಗ ಇಡೀ ಗಾಜನ್ನು ಮಬ್ಬಾಗಿಸಲು ಧಾರಾಳ ಸಾಕು. ಈ 15 ಗ್ರಾಂ ತೆಗೆಯಲು ಜನ ಬಳಸುವುದು ಏನನ್ನು? ಮ್ಯೂರಿಯಾಟಿಕ್ ಆಸಿಡ್, ಅಂದರೆ ಹೈಡ್ರೊಕ್ಲೋರಿಕ್ ಆಮ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಆಸಿಡ್‌ನ ಬಿಡಿ ಮಾರಾಟಕ್ಕೆ ಕಡಿವಾಣ ಹಾಕಿದ ಮೇಲೂ ಲೇಬಲ್ ಇಲ್ಲದ ಬಾಟಲಿಗಳಲ್ಲಿ ಅದು ಮನೆ ಬಾಗಿಲಿಗೆ ಬರುವುದು ನಿಂತಿಲ್ಲ.

ಈ ಆಮ್ಲ ಸುಣ್ಣವನ್ನು ಕ್ಷಣದಲ್ಲಿ ಕರಗಿಸುತ್ತದೆ, ಸುಳ್ಳಲ್ಲ. ತೊಂದರೆ ಏನೆಂದರೆ ಅದಕ್ಕೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದು. ಟೈಲ್ಸ್ ಸಂದಿನಲ್ಲಿ ತುಂಬಿರುವ ಸಿಮೆಂಟೂ ಕ್ಯಾಲ್ಸಿಯಂ ಸಂಯುಕ್ತವೇ, ಅದನ್ನೂ ತಿನ್ನುತ್ತದೆ. ಪ್ರತಿ ಸಲ ತೊಳೆದಾಗಲೂ ಸಂದು ಇನ್ನಷ್ಟು ಆಳವಾಗಿ, ಒರಟಾಗಿ, ಮುಂದಿನ ಕೊಳೆಗೆ ಒಳ್ಳೆಯ ಮನೆ ಕಟ್ಟಿಕೊಡುತ್ತದೆ. ಅದರ ಆವಿ ಮುಚ್ಚಿದ ಬಚ್ಚಲಿನಲ್ಲಿ ತುಂಬಿಕೊಂಡು, ಒಂದು ಹನಿಯೂ ಮುಟ್ಟದ ನಲ್ಲಿಯ ಹೊಳಪನ್ನು ಕೆಡಿಸುತ್ತದೆ. ಕ್ಲೋರೈಡ್ ಅಯಾನುಗಳು ಸ್ಟೀಲಿನಲ್ಲೂ ಸಣ್ಣ ಸಣ್ಣ ಗುಳಿ ತೋಡುತ್ತವೆ. ತಿಕ್ಕುವವರ ಶ್ವಾಸಕೋಶದ ಮಾತು ಬೇರೆ.

ಹಾಗಾದರೆ ನಿಂಬೆಹಣ್ಣು? ಅಜ್ಜಿಯ ಕಾಲದ ಉಪಾಯ ಎಂದು ಎಲ್ಲೆಡೆ ಹೊಗಳುತ್ತಾರೆ. ಇಲ್ಲೂ ಲೆಕ್ಕ ಹಾಕಿದರೇ ಒಳಿತು. 15 ಗ್ರಾಂ ಸುಣ್ಣವನ್ನು ಪೂರ್ತಿ ಕರಗಿಸಲು ಸುಮಾರು 19 ಗ್ರಾಂ ಸಿಟ್ರಿಕ್ ಆಮ್ಲ ಬೇಕು. ನಮ್ಮ ಸಣ್ಣ ನಿಂಬೆಯಲ್ಲಿ 20 ಮಿಲಿಲೀಟರ್ ರಸ ಸಿಕ್ಕಿತು, ಅದರಲ್ಲಿ ಶೇ 6ರಷ್ಟು ಆಮ್ಲ ಇದೆ ಎಂದಿಟ್ಟುಕೊಂಡರೆ ಒಂದು ಹಣ್ಣಿಗೆ 1.2 ಗ್ರಾಂ. ಅಂದರೆ ಹದಿನಾರು ಹಣ್ಣು, ಅದೂ ಒಂದು ತೊಟ್ಟೂ ಪೋಲಾಗದಿದ್ದರೆ. ಬೇಸಿಗೆಯಲ್ಲಿ ನಿಂಬೆಯ ಬೆಲೆ ಬಲ್ಲವರು ಯಾರೂ ಇದನ್ನು ಉಳಿತಾಯ ಎನ್ನಲಾರರು. ಹೋಳು ಮಾಡಿದ ಅರ್ಧ ನಿಂಬೆಹಣ್ಣಿನಿಂದ ಇಡೀ ಬಚ್ಚಲು ಫಳಫಳ ಹೊಳೆಯುವ ವಿಡಿಯೊಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಅಡುಗೆಯ ವಿನೆಗರ್ ಆದರೆ, ಶೇ 4ರದ್ದು, ಅದೇ ಕೆಲಸಕ್ಕೆ ಸುಮಾರು 450 ಮಿಲಿಲೀಟರ್ ಬೇಕು.

ಆದರೆ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂಬ ಹೆಸರಿನಲ್ಲಿ ಸಕ್ಕರೆಯಂಥ ಬಿಳಿ ಹರಳು ಸಿಗುತ್ತದಲ್ಲ, ಅದು ಹೆಚ್ಚುಕಡಿಮೆ ಅಪ್ಪಟ ಸಿಟ್ರಿಕ್ ಆಮ್ಲ. ಬಚ್ಚಲಿಗೆ ಇದಕ್ಕಿಂತ ಒಳ್ಳೆಯ ಹುಳಿ ಇಲ್ಲ. ಇದು ಸುಣ್ಣವನ್ನು ಎರಡು ಬಗೆಯಲ್ಲಿ ಎದುರಿಸುತ್ತದೆ. ಆಮ್ಲವಾಗಿ ಕಾರ್ಬೊನೇಟನ್ನು ಒಡೆದು ಅನಿಲ ಮಾಡಿ ಹಾರಿಸುತ್ತದೆ. ಕಾಣುವ ಸಣ್ಣ ಗುಳ್ಳೆಗಳು ಅವೇ. ಜತೆಗೆ ಸಿಟ್ರೇಟ್ ಅಣು ತನ್ನ ಕೈಗಳ ನಡುವೆ ಕ್ಯಾಲ್ಸಿಯಂ ಅನ್ನು ಏಡಿ ಕೊಂಡಿಯಲ್ಲಿ ಹಿಡಿದಂತೆ ಹಿಡಿದು ನೀರಿನಲ್ಲೇ ಉಳಿಸುತ್ತದೆ. ಕಬ್ಬಿಣವನ್ನೂ ಹೀಗೆಯೇ ಹಿಡಿಯುವುದರಿಂದ ಕರಾವಳಿಯ ಕೆಂಪು ಕಲೆಗೂ ಇದೇ ಮದ್ದು.

ಈ ಹರಳನ್ನು ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ಔಷಧ ಅಂಗಡಿಯ ಕಾರ್ಲ್ ವಿಲ್‌ಹೆಲ್ಮ್ ಶೀಲೆ, 1784ರಲ್ಲಿ. ಅವನ ವಿಧಾನ ಬಚ್ಚಲು ತೊಳೆಯುವವರಿಗೂ ಒಂದು ಪಾಠ ಕಲಿಸುತ್ತದೆ. ನಿಂಬೆರಸವನ್ನು ಕಾಯಿಸಿ ಅದಕ್ಕೆ ಸೀಮೆಸುಣ್ಣದ ಪುಡಿ ಹಾಕಿದ. ಬಿಳಿಯ ಕ್ಯಾಲ್ಸಿಯಂ ಸಿಟ್ರೇಟ್ ತಳಕ್ಕೆ ಇಳಿಯಿತು. ಅದನ್ನು ತೊಳೆದು ಗಂಧಕಾಮ್ಲ ಸೇರಿಸಿದಾಗ ಸಿಟ್ರಿಕ್ ಆಮ್ಲ ಬಿಡುಗಡೆಯಾಯಿತು. ಬಹಳಷ್ಟು ಲವಣಗಳು ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಕ್ಯಾಲ್ಸಿಯಂ ಸಿಟ್ರೇಟಿನದು ಉಲ್ಟಾ ಸ್ವಭಾವ, ತಣ್ಣೀರಿನಲ್ಲೇ ಹೆಚ್ಚು ಕರಗುತ್ತದೆ. ಬೇಗ ಕೆಲಸ ಆಗಲಿ ಎಂದು ನಿಂಬೆ ಉಪ್ಪನ್ನು ಕುದಿನೀರಿನಲ್ಲಿ ಕಲಸಿ ಗೋಡೆಗೆ ಎರಚಿದರೆ, ಶೀಲೆಯ ಪಾತ್ರೆಯ ತಳದಲ್ಲಿ ಕೂತದ್ದೇ ನಿಮ್ಮ ಟೈಲ್ಸ್ ಮೇಲೂ ಕೂತೀತು. ಉಗುರುಬೆಚ್ಚಗಿನ ನೀರು ಸಾಕು. ಒಂದು ಲೀಟರಿಗೆ 50 ಗ್ರಾಂ ಹಾಕಿದರೆ ನಿಂಬೆರಸದಷ್ಟು ಹುಳಿ ಬರುತ್ತದೆ.

ಮಿಕ್ಕದ್ದೆಲ್ಲ ಕಾಯುವ ಕೆಲಸ. ಸುಣ್ಣ ಕರಗಿಸುವ ಮಟ್ಟಿಗೆ ತೀವ್ರ ಆಮ್ಲಕ್ಕೂ ಸೌಮ್ಯ ಆಮ್ಲಕ್ಕೂ ಇರುವ ಮುಖ್ಯ ವ್ಯತ್ಯಾಸ ಸಮಯ ಮಾತ್ರ. ಒಂದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಕೊಡಬೇಕು, ಅಷ್ಟೆ. ನೆಟ್ಟಗಿನ ಗೋಡೆಯ ಮೇಲೆ ದ್ರಾವಣ ನಿಲ್ಲದೆ ಜಾರಿಹೋಗುವುದರಿಂದ ಹಳೆಯ ಹತ್ತಿಬಟ್ಟೆಯನ್ನು ಅದರಲ್ಲಿ ಅದ್ದಿ ಗಾಜಿಗೆ ಅಂಟಿಸಿಬಿಡಿ. ಶವರ್‌ನ ತಲೆ ಬಿಚ್ಚಲು ಬಂದರೆ ಬಕೆಟ್ಟಿನಲ್ಲಿ ಮುಳುಗಿಸಿ. ಬಾರದಿದ್ದರೆ ದ್ರಾವಣ ತುಂಬಿದ ಪ್ಲಾಸ್ಟಿಕ್ ಕವರನ್ನು ಅದಕ್ಕೆ ದಾರದಿಂದ ಕಟ್ಟಿ. ಒಂದು ಗಂಟೆಯ ನಂತರ ತೂತುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಬಿಸಿನೀರು ಜೋರಾಗಿ ಬಿಡಿ. ರಾತ್ರಿಯಿಡೀ ಬಿಡುವುದು ಬೇಡ. ಕ್ರೋಮ್ ಲೇಪನ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಹುಳಿ ಒಳಗಿನ ಹಿತ್ತಾಳೆಗೆ ಇಳಿಯುತ್ತದೆ. ಚಿನ್ನದ ಬಣ್ಣದ ನಲ್ಲಿಗಳಿಗಂತೂ ಇದನ್ನು ಮುಟ್ಟಿಸಲೇಬಾರದು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ನೆಲದ್ದು. ಹಳೆಯ ಮನೆಗಳ ಬಚ್ಚಲಿಗೆ ಶಹಾಬಾದಿ ಕಲ್ಲು ಅಥವಾ ಕಡಪ ಕಲ್ಲು ಹಾಸಿರುತ್ತಾರೆ. ಎರಡೂ ಸುಣ್ಣಕಲ್ಲು. ಕಲಬುರಗಿಯ ಶಹಾಬಾದ್, ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದ್ದು ಈ ಕಲ್ಲನ್ನೇ ನಂಬಿ. ಅಂಥ ನೆಲಕ್ಕೆ ಹುಳಿ ಸುರಿದರೆ ಕೊಳೆಯ ಸುಣ್ಣ ಯಾವುದು, ಕಲ್ಲಿನ ಸುಣ್ಣ ಯಾವುದು ಎಂಬ ಭೇದ ಆಮ್ಲಕ್ಕೆ ಗೊತ್ತಾಗುವುದಿಲ್ಲ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಅಮೃತಶಿಲೆಯದೂ ಇದೇ ಪಾಡು. ಯಾವ ಕಲ್ಲೆಂದು ತಿಳಿಯದಿದ್ದರೆ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಕಾಲು ಗಂಟೆಯ ಮೇಲೆ ಒರೆಸಿ. ಹೊಳಪು ಹೋಗಿ ಮಂಕಾದರೆ ಅದು ಸುಣ್ಣಕಲ್ಲು. ಹುಳಿಯ ಡಬ್ಬವನ್ನು ವಾಪಸ್ ಅಡುಗೆಮನೆಗೆ ಕಳುಹಿಸಿ. ಗ್ರಾನೈಟಿಗೆ ಈ ಭಯ ಇಲ್ಲ, ಅದು ಸಿಲಿಕೇಟುಗಳ ಕಲ್ಲು.

ಸುಣ್ಣದ ಕಥೆ ಇಲ್ಲಿಗೆ ಮುಗಿದರೂ ಬಚ್ಚಲಿನ ಕೊಳೆ ಮುಗಿಯಲಿಲ್ಲ. ಗೋಡೆಯನ್ನು ಉಗುರಿನಿಂದ ಕೆರೆದಾಗ ಬೂದು ಬಣ್ಣದ ಮೇಣದಂಥದ್ದೊಂದು ಬರುತ್ತದೆ. ಅದು ಸೋಪಿನ ಜಿಡ್ಡು. ಸೋಪು ಎಂದರೆ ಕೊಬ್ಬಿನ ಆಮ್ಲಗಳ ಸೋಡಿಯಂ ಲವಣ. ಗಡಸು ನೀರಿನ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ತಳ್ಳಿ ಜಾಗ ಹಿಡಿದರೆ ಕರಗದ ಕ್ಯಾಲ್ಸಿಯಂ ಸ್ಟಿಯರೇಟ್ ಉಂಟಾಗುತ್ತದೆ. ಕೊಳೆ ತೆಗೆಯಲು ತಂದದ್ದೇ ಕೊಳೆಯಾಗುವ ಪರಿ ಇದು. ಇದಕ್ಕೆ ಬರಿ ಹುಳಿ ಹಾಕಿದರೆ ಕ್ಯಾಲ್ಸಿಯಂ ಬಿಟ್ಟುಹೋಗಿ ಸ್ಟಿಯರಿಕ್ ಆಮ್ಲ ಉಳಿಯುತ್ತದೆ. ಫ್ರಾನ್ಸಿನ ಮಿಶೆಲ್ ಷೆವ್ರಲ್ ಕೊಬ್ಬಿನಿಂದ ಬೇರ್ಪಡಿಸಿ, ಗೇ-ಲುಸಾಕ್ ಜತೆ ಸೇರಿ 1825ರಲ್ಲಿ ಮೇಣದಬತ್ತಿ ಮಾಡಲು ಪೇಟೆಂಟ್ ಪಡೆದದ್ದು ಇಂಥ ಆಮ್ಲಗಳಿಗೇ. (ಷೆವ್ರಲ್ 102 ವರ್ಷ ಬದುಕಿದ, ಜಿಡ್ಡಿನ ಸಹವಾಸ ಅವನಿಗೆ ಒಗ್ಗಿತ್ತು.) ಸ್ಟಿಯರಿಕ್ ಆಮ್ಲ ಕರಗಲು 69 ಡಿಗ್ರಿ ಸೆಲ್ಸಿಯಸ್ ಬೇಕು, ಬಿಸಿನೀರು ಎರಚಿದರೆ ಜಗ್ಗುವುದಿಲ್ಲ.

ಜಿಡ್ಡಿಗೆ ಬೇಕಾದ್ದು ಕ್ಷಾರ. ಬಟ್ಟೆ ಒಗೆಯಲು ಹಾಕುವ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಆ ಕೊಬ್ಬಿನ ಆಮ್ಲವನ್ನು ಮತ್ತೆ ಕರಗುವ ಸೋಪನ್ನಾಗಿ ತಿರುಗಿಸುತ್ತದೆ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಹಾಕಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಮುಗಿಯಿತು. ಕೈಗವಸು ಬೇಕು, ಅಲ್ಯೂಮಿನಿಯಂ ಚೌಕಟ್ಟಿಗೆ ತಗಲಬಾರದು. ಅಡುಗೆ ಸೋಡಾ ಇದರ ತಮ್ಮನೇ ಆದರೂ ಕ್ಷಾರತೆಯಲ್ಲಿ ಬಹಳ ಸೌಮ್ಯ; ಬಾಣಲೆಯಲ್ಲಿ ಚೆನ್ನಾಗಿ ಹುರಿದರೆ ಅದೂ ವಾಷಿಂಗ್ ಸೋಡಾ ಆಗುತ್ತದೆ. ಕೊಳೆ ಪದರ ಪದರವಾಗಿ ಕೂತಿರುವುದರಿಂದ ಮೊದಲು ಸೋಡಾದಿಂದ ಮೇಲಿನ ಜಿಡ್ಡು ತೆಗೆದು, ಚೆನ್ನಾಗಿ ನೀರು ಹಾಕಿ, ಆಮೇಲೆ ಹುಳಿ. ಹುಳಿಯ ನಂತರವೂ ಕೈಗೆ ಜಾರು ಜಾರು ಎನಿಸಿದರೆ ಇನ್ನೊಮ್ಮೆ ಸೋಡಾ.

ಎರಡನ್ನೂ ಒಂದೇ ಸಲ ಯಾಕೆ ಬೆರೆಸಬಾರದು? ಸೋಡಾದ ಮೇಲೆ ವಿನೆಗರ್ ಸುರಿದಾಗ ಏಳುವ ನೊರೆಯಷ್ಟು ಜನಪ್ರಿಯವಾದ ಮನೆಮದ್ದು ಇನ್ನೊಂದಿಲ್ಲ. ನೋಡಲು ಭರ್ಜರಿ. ಆಮ್ಲವೂ ಕ್ಷಾರವೂ ಪರಸ್ಪರ ಮುಗಿಸಿಕೊಂಡು, ಅನಿಲ ಗಾಳಿಗೆ ಹೋದ ಮೇಲೆ ಗೋಡೆಯ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಬೆರೆತ ನೀರು. ಅದು ಸುಣ್ಣಕ್ಕೂ ಆಗದು, ಜಿಡ್ಡಿಗೂ ಆಗದು. ನಾಟಕದ ಟಿಕೆಟ್ಟು ಎಂದುಕೊಂಡು ಬೇಕಾದರೆ ಆ ದುಡ್ಡು ಕೊಡಬಹುದು. ಅಡುಗೆ ಸೋಡಾದ ನಿಜವಾದ ಗುಣ ಬೇರೆ ಇದೆ. ಮೋಸ್ ಮಾಪಕದಲ್ಲಿ ಅದರ ಗಡಸುತನ ಸುಮಾರು 2.5, ಗಾಜಿನದು 5.5. ಹಾಗಾಗಿ ಪೇಸ್ಟಿನಂತೆ ಕಲಸಿ ಉಜ್ಜಿದರೆ ಗಾಜಿಗೆ ಗೀರು ಬೀಳದೆ ಜಿಡ್ಡು ಎದ್ದುಬರುತ್ತದೆ. ಸುಣ್ಣದ ಹರಳಾದ ಕ್ಯಾಲ್ಸೈಟಿನ ಗಡಸುತನ 3, ಅದಕ್ಕೆ ಈ ಪುಡಿ ಸೋಲುತ್ತದೆ. ಇಟ್ಟಿಗೆ ಪುಡಿಯಲ್ಲಿ ಗಡಸುತನ 7ರ ಸ್ಫಟಿಕಶಿಲೆಯ ಕಣಗಳಿರುತ್ತವೆ. ಹಿತ್ತಾಳೆ ಪಾತ್ರೆಗೆ ನಡೆದದ್ದು ಗಾಜಿನ ಬಾಗಿಲಿಗೆ ನಡೆಯದು.

ಜಿಡ್ಡೇ ಆಗದಂತೆ ಮೀಯುವ ದಾರಿ ನಮ್ಮಲ್ಲಿ ಮೊದಲೇ ಇತ್ತು. ಅಂಟುವಾಳ, ಸೀಗೆಕಾಯಿಗಳಲ್ಲಿ ನೊರೆ ಕೊಡುವುದು ಸಪೋನಿನ್. ಅದು ಕೊಬ್ಬಿನ ಆಮ್ಲದ ಲವಣ ಅಲ್ಲವಾದ್ದರಿಂದ ಕ್ಯಾಲ್ಸಿಯಂ ಜತೆ ಸೇರಿ ಜಿಡ್ಡಾಗುವುದಿಲ್ಲ, ಗಡಸು ನೀರಿನಲ್ಲೂ ನೊರೆ ಬರುತ್ತದೆ. ಶಹಾಬಾದಿ ನೆಲ ಉಜ್ಜಲು ಅಂಟುವಾಳದ ಕಷಾಯ ತಕ್ಕದ್ದು. ಆದರೆ ಎರಡು ದಿನ ಇಟ್ಟರೆ ಹಳಸುತ್ತದೆ. ಹಾಗೆಂದು ಇವನ್ನೆಲ್ಲ ‘ಕೆಮಿಕಲ್ ಇಲ್ಲದ್ದು’ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಸಪೋನಿನ್ ಕೆಮಿಕಲ್, ಸಿಟ್ರಿಕ್ ಆಮ್ಲ ಕೆಮಿಕಲ್, ನೀರೂ ಕೆಮಿಕಲ್. ಕೇಳಬೇಕಾದ್ದು ಯಾವ ಕೊಳೆಗೆ ಯಾವುದು, ಎಷ್ಟು, ಎಷ್ಟು ಹೊತ್ತು ಎಂಬುದನ್ನು.

ಮೂರನೆಯ ಕೊಳೆಗೆ ಜೀವ ಇದೆ. ಸೋಪಿನ ಡಬ್ಬಿಯ ತಳದಲ್ಲಿ, ನೀರು ಹೋಗುವ ಜಾಲರಿಯ ಸುತ್ತ ನಸುಗೆಂಪು ಲೋಳೆ ಕಾಣುತ್ತದಲ್ಲ, ಅದರಲ್ಲಿ ಹಲವು ಬಾರಿ ಇರುವುದು ಸೆರಾಷಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ. 1819ರಲ್ಲಿ ಇಟಲಿಯ ಪಡುವಾ ಪ್ರಾಂತದಲ್ಲಿ ಮೆಕ್ಕೆಜೋಳದ ಗಂಜಿ ರಕ್ತದಂತೆ ಕೆಂಪಾಗಿ ಹಳ್ಳಿಯವರು ದೆವ್ವದ ಕಾಟ ಎಂದು ಹೆದರಿದಾಗ, ಬಾರ್ತಲೋಮಿಯೊ ಬಿಜಿಯೊ ಎಂಬಾತ ಅದು ಜೀವಿಯೊಂದರ ಕೆಲಸ ಎಂದು ತೋರಿಸಿದ. ಉಗಿದೋಣಿ ಮಾಡಿದ ಕೀರ್ತಿ ತನ್ನ ನಾಡಿನ ಸೆರಾತಿ ಎಂಬವನಿಗೆ ಸಿಗಲಿಲ್ಲವೆಂಬ ಬೇಸರಕ್ಕೆ ಈ ಜೀವಿಗೆ ಅವನ ಹೆಸರಿಟ್ಟ. ಇದಕ್ಕೆ ಊಟ ಸೋಪಿನ ಜಿಡ್ಡು. ಜಿಡ್ಡು ತೆಗೆದು ಒಣಗಿಸಿದರೆ ಉಪವಾಸ ಬೀಳುತ್ತದೆ.

ಟೈಲ್ಸ್ ಸಂದಿನ ಕರಿ ಬೂಷ್ಟಿಗೂ ತೇವವೇ ಪ್ರಾಣ. ಅದಕ್ಕೆ ಔಷಧ ಅಂಗಡಿಯ ಹೈಡ್ರೊಜನ್ ಪೆರಾಕ್ಸೈಡನ್ನು ಶೇ 3ಕ್ಕೆ ಇಳಿಸಿ ಹಚ್ಚಿ ಹತ್ತು ನಿಮಿಷ ಬಿಡಬಹುದು. ಕೊನೆಗೆ ಅದು ನೀರೂ ಆಮ್ಲಜನಕವೂ ಆಗಿ ಒಡೆಯುತ್ತದೆ. ವಿನೆಗರ್ ಜತೆ ಒಂದೇ ಬಾಟಲಿಯಲ್ಲಿ ಬೆರೆಸಬೇಡಿ, ಕಣ್ಣು ಮೂಗು ಉರಿಸುವ ಪರಾಸಿಟಿಕ್ ಆಮ್ಲ ಹುಟ್ಟುತ್ತದೆ. ಇಲ್ಲೊಂದು ತಮಾಷೆಯೂ ಇದೆ. ಕರಿ ಬೂಷ್ಟುಗಳ ಕುಲದ ಆಸ್ಪರ್ಜಿಲಸ್ ನೈಜರ್ ಸಕ್ಕರೆ ತಿಂದು ಧಾರಾಳವಾಗಿ ಸಿಟ್ರಿಕ್ ಆಮ್ಲ ಬಿಡುತ್ತದೆಂದು ಅಮೆರಿಕದ ಜೇಮ್ಸ್ ಕರೀ 1917ರಲ್ಲಿ ತೋರಿಸಿದ. ಇಂದು ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ನಿಂಬೆಯ ಮುಖವನ್ನೇ ಕಂಡಿರುವುದಿಲ್ಲ. ಅದು ಬೂಷ್ಟಿನ ಕೃಪೆ.

ಕಣ್ಣಿಗೆ ಕಾಣದ ಲೋಳೆ ಶವರ್‌ನ ತಲೆಯೊಳಗಿದೆ. ಕೊಲರಾಡೊ ವಿಶ್ವವಿದ್ಯಾಲಯದ ನಾರ್ಮನ್ ಪೇಸ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ ಒಂಬತ್ತು ನಗರಗಳಿಂದ 45 ಶವರ್‌ಗಳ ಮಾದರಿ ತೆಗೆದು ಪರೀಕ್ಷಿಸಿತು. ಮೈಕೊಬ್ಯಾಕ್ಟೀರಿಯಾಗಳು ಅಲ್ಲಿ ಹಲವೆಡೆ ನೀರಿನಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಸಾಂದ್ರವಾಗಿದ್ದವು. ಒಂದು ಶವರನ್ನು ಬ್ಲೀಚ್ ಹಾಕಿ ತೊಳೆದು ಕೆಲವು ತಿಂಗಳ ನಂತರ ನೋಡಿದರೆ ಒಂದು ಜಾತಿಯ ಮೈಕೊಬ್ಯಾಕ್ಟೀರಿಯಾ ಮೊದಲಿಗಿಂತ ಮೂರು ಪಟ್ಟಾಗಿತ್ತು! ಕ್ಲೋರಿನ್ನಿಗೆ ಜಗ್ಗದ ಕುಲ ಅದು. ಪೈಪೋಟಿಯವರು ಸತ್ತ ಮೇಲೆ ಮನೆ ಪೂರ್ತಿ ತನ್ನದೇ ಆಯಿತು. ಆರೋಗ್ಯವಂತರು ಇದಕ್ಕೆ ಹೆದರಬೇಕಾಗಿಲ್ಲ. ಶ್ವಾಸಕೋಶದ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಮೊದಲ ರಭಸದ ನೀರು ಹರಿದುಹೋಗುವವರೆಗೆ ಬಚ್ಚಲಿನ ಹೊರಗೆ ನಿಲ್ಲುವುದು ಮೇಲು. ಲೋಳೆಗೆ ಆಸರೆ ಕೊಡುವ ಸುಣ್ಣವನ್ನು ಆಗಾಗ ಕರಗಿಸಿ, ಬ್ರಶ್ಶಿನಿಂದ ಉಜ್ಜಿ ತೆಗೆಯುವುದು ವಿಷ ಸುರಿಯುವುದಕ್ಕಿಂತ ಜಾಣತನ.

ಶೀಲೆಯ ಹೆಸರು ಇನ್ನೊಮ್ಮೆ ಬರಲೇಬೇಕು. ಸಿಟ್ರಿಕ್ ಆಮ್ಲಕ್ಕೆ ಹತ್ತು ವರ್ಷ ಮೊದಲು, 1774ರಲ್ಲಿ, ಅವನು ಮ್ಯೂರಿಯಾಟಿಕ್ ಆಸಿಡನ್ನು ಮ್ಯಾಂಗನೀಸ್ ಅದಿರಿನೊಂದಿಗೆ ಕಾಯಿಸಿ ಉಸಿರುಗಟ್ಟಿಸುವ ಹಳದಿ-ಹಸಿರು ಅನಿಲ ಪಡೆದಿದ್ದ. ಅದೇ ಕ್ಲೋರಿನ್. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಬಿಟ್ಟದ್ದೂ ಅದನ್ನೇ. ಅದನ್ನು ತಯಾರಿಸಲು ಕಾರ್ಖಾನೆ ಬೇಕಿಲ್ಲ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣ ಹಾಕಿದ ನೆಲದ ಮೇಲೆ ಆಸಿಡ್ ಸುರಿದರೆ ಸಾಕು. ಶೇ 10ರ ಆಸುಪಾಸು ಹೈಡ್ರೊಕ್ಲೋರಿಕ್ ಆಮ್ಲ ಇರುವ ಟಾಯ್ಲೆಟ್ ಕ್ಲೀನರ್ ಆದರೂ ಅಷ್ಟೇ. ವಿನೆಗರ್, ನಿಂಬೆ ಉಪ್ಪೂ ಬ್ಲೀಚಿನಿಂದ ಈ ಅನಿಲವನ್ನು ಹೊರಡಿಸಬಲ್ಲವು. ಗಾಳಿಗಿಂತ ಭಾರವಾದ್ದರಿಂದ ಅದು ನೆಲಮಟ್ಟದಲ್ಲೇ ನಿಲ್ಲುತ್ತದೆ, ಕುಕ್ಕರುಗಾಲಿನಲ್ಲಿ ಕೂತು ತಿಕ್ಕುವವರ ಮೂಗಿನ ಎತ್ತರದಲ್ಲಿ.

ಹಾಗೆ ಕೂತು ತಿಕ್ಕುವವರು ಅನೇಕ ಮನೆಗಳಲ್ಲಿ ಮನೆಯವರಲ್ಲ, ಕೆಲಸಕ್ಕೆ ಬರುವ ಹೆಂಗಸರು. ಬಾಟಲಿ ತರಿಸುವವರು ಒಬ್ಬರು, ಅದರ ಆವಿ ಕುಡಿಯುವವರು ಇನ್ನೊಬ್ಬರು. ದಯವಿಟ್ಟು ಅವರ ಕೈಗೆ ಆಸಿಡ್ ಕೊಡಬೇಡಿ. ನಿಂಬೆ ಉಪ್ಪು, ವಾಷಿಂಗ್ ಸೋಡಾ, ಒಂದು ಜತೆ ರಬ್ಬರ್ ಕೈಗವಸು ತಂದಿಡಿ; ಯಾವುದಕ್ಕೆ ಯಾವುದು, ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಒಮ್ಮೆ ಜತೆಗೆ ನಿಂತು ತೋರಿಸಿ; ಕಾಯುವ ಅರ್ಧ ಗಂಟೆಯನ್ನೂ ಕೆಲಸದ ಸಮಯವೆಂದೇ ಲೆಕ್ಕ ಹಿಡಿಯಿರಿ. ಸ್ನಾನ ಮುಗಿಸಿದವರು ಗೋಡೆಗೂ ಗಾಜಿಗೂ ಒಂದು ಸಲ ವೈಪರ್ ಎಳೆದು, ಕಿಟಕಿ ತೆರೆದು ಹೊರಬಂದರೆ ವರ್ಷದ ಆ 15 ಗ್ರಾಂನಲ್ಲಿ ಹೆಚ್ಚಿನ ಪಾಲು ಗೋಡೆ ಸೇರುವುದೇ ಇಲ್ಲ.